ಪಣಜಿಯಲ್ಲಿ ರೂಮು ಹುಡುಕುವವರಿಗೆ

ರಜೆ ಹತ್ತಿರ ಬಂತು, ಊರಿಂದ ಫೋನ್ ಶುರುವಾಯ್ತು. "ಅಣ್ಣಾ, ಕ್ಯಾಸಿನೊನೂ ಹತ್ರ ಇರಬೇಕು, ಸಮುದ್ರಾನೂ ಕಾಣಬೇಕು, ಅಂಥಾ ಹೋಟೆಲ್ ಹೇಳು" ಅಂತ ಹುಬ್ಬಳ್ಳಿಯ ತಮ್ಮ.

ಪಣಜಿಯ ದೊಡ್ಡ ಕ್ಯಾಸಿನೊಗಳು ಇರೋದು ಸಮುದ್ರದಲ್ಲಲ್ಲ, ಮಾಂಡವಿ ನದಿಯಲ್ಲಿ ನಿಂತ ಹಡಗುಗಳಲ್ಲಿ. ದಡದ ಜೆಟ್ಟಿಯಿಂದ ಸಣ್ಣ ದೋಣಿ ಕರೆದುಕೊಂಡು ಹೋಗುತ್ತದೆ. ಕೆಲವು ಪಂಚತಾರಾ ಹೋಟೆಲುಗಳ ಒಳಗೂ ಕ್ಯಾಸಿನೊ ಇದೆ, ಆದರೆ ಕಾನೂನಿನ ಪ್ರಕಾರ ಅಲ್ಲಿ ಯಂತ್ರದ ಆಟ ಮಾತ್ರ. 21 ತುಂಬದವರನ್ನು ಆಟದ ಜಾಗಕ್ಕೆ ಬಿಡೋದಿಲ್ಲ. ಮಕ್ಕಳ ಜೊತೆ ಬರುವವರು ಇದನ್ನು ಮೊದಲೇ ಯೋಚಿಸಬೇಕು, ಅಲ್ವಾ?

ನದಿಗೆ ಮುಖ ಮಾಡಿದ ರೂಮಿಗೆ ಬಾಡಿಗೆ ಜಾಸ್ತಿ. ರಾತ್ರಿ ಹಡಗುಗಳ ಕೆಂಪು, ನೀಲಿ ದೀಪ ಪರದೆ ದಾಟಿ ಗೋಡೆ ಮೇಲೆ ಓಡಾಡುತ್ತಿರುತ್ತದೆ. ಬೇಗ ಮಲಗುವ ಹಿರಿಯರಿಗೆ ಅದು ಕಷ್ಟ.

ನನ್ನ ಕೇಳಿದರೆ ಪಣಜಿಯ ಹಳೇ ಬಡಾವಣೆ ಫೊಂಟೆನ್ಹಾಸ್ ಓಣಿಗಳ ಹಳೇ ಮನೆಗಳೇ ಚೆಂದ. ಹಳದಿ, ನೀಲಿ ಗೋಡೆ, ಸಣ್ಣ ಬಾಲ್ಕನಿ. ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಒತ್ತುತ್ತಾ ಪೋದೇರ, ಅಂದ್ರೆ ಬ್ರೆಡ್ ಮಾರುವವ, ಬರುತ್ತಾನೆ. ಬುಟ್ಟಿ ಮುಚ್ಚಿದ ಪ್ಲಾಸ್ಟಿಕ್ ಸರಿಸಿದರೆ ಗೋವಾದ ಬ್ರೆಡ್ಡು, ಬಿಸಿ ಪೊಯಿಯ ಘಮ. ಅಲ್ಲಿಂದ ಜೆಟ್ಟಿಗೆ ನಡೆದೇ ಹೋಗಬಹುದು. ಸಮುದ್ರ ಬೇಕಂದ್ರೆ ಮಿರಾಮಾರ್‌ಗೆ ಬಸ್ಸಿದೆ.

ಆಟ ಆಡೋರು ಒಬ್ಬಿಬ್ಬರು, ಅದೂ ಒಂದು ರಾತ್ರಿ. ಉಳಿದ ಹೊತ್ತೆಲ್ಲ ಆ ರೂಮಿನಲ್ಲಿ ಇರೋರು ಅಮ್ಮ, ಮಕ್ಕಳು. ಅವರನ್ನು ಕೇಳಿ ರೂಮು ಹಿಡಿಯೋದು ಒಳ್ಳೇದು ಅನಿಸುತ್ತದೆ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇರಲ್ಲ. ಅಮ್ಮನಿಗೆ ಮಂಡಿನೋವು, ನೆಲಮಹಡಿಯ ರೂಮೇ ಕೇಳು ಅಂತ ತಮ್ಮನಿಗೆ ಹೇಳಿದ್ದೇನೆ.