ಗೇಮ್‌ಗೂ ‘ಎ’ ಸರ್ಟಿಫಿಕೇಟ್ ಬೇಕು, ಅದು ಕೆಲಸ ಮಾಡಬೇಕಾದ್ದು ಎಲ್ಲಿ?

ಹಾಸನದ ಟಾಕೀಸಿಗೆ ‘ಎ’ ಸಿನಿಮಾ ಬಂದರೆ ಹದಿನಾಲ್ಕರ ಹುಡುಗನನ್ನು ಒಳಗೆ ಬಿಡಬಾರದು. ಅದಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಿದೆ. ಓಟಿಟಿ ಸರಣಿಗಳಿಗೆ 2021ರ ಐಟಿ ನಿಯಮಗಳಿವೆ. ಅದೇ ಹುಡುಗ ಗೇಮಿಂಗ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಡಬ್ಬಿಯ ಮೇಲೆ ಕೆಂಪಗೆ 18 ಎಂದು ಅಚ್ಚಾಗಿರುವ ‘ಗ್ರ್ಯಾಂಡ್ ಥೆಫ್ಟ್ ಆಟೋ’ (ಜಿಟಿಎ) ಆಡಲು ಕೂತರೆ? ಆ 18 ಕೊಟ್ಟದ್ದು ಗೇಮ್‌ಗಳಿಗೆ ವಯಸ್ಸಿನ ದರ್ಜೆ ಹಾಕುವ ಯುರೋಪಿನ ಪದ್ಧತಿ ‘ಪೆಗಿ’. ನಮ್ಮಲ್ಲಿ ಅದು ಬರೀ ಮಾಹಿತಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಮುಖ್ಯವಾಗಿ ದುಡ್ಡು ಪಣಕ್ಕಿಟ್ಟು ಆಡುವ ಆಟಗಳನ್ನು ನಿಲ್ಲಿಸಿತು. ರಕ್ತಪಾತ, ಲೈಂಗಿಕತೆಯ ವಿಷಯದಲ್ಲಿ ಸಿನಿಮಾಕ್ಕಿರುವಂಥ ಕಡ್ಡಾಯ ದರ್ಜೆಯನ್ನು ತರಲಿಲ್ಲ.

‘ವಯಸ್ಕರಿಗೆ ಮಾತ್ರ’ ಎಂಬ ದರ್ಜೆ ತಂದರೆ ಕೆಟ್ಟ ಆಟಗಳಿಗೆ ಬಾಗಿಲು ತೆರೆದಂತಾಗುತ್ತದೆ ಅನ್ನುವವರು ಆಸ್ಟ್ರೇಲಿಯಾವನ್ನು ನೋಡಬೇಕು. 2012ರ ಕೊನೆಯವರೆಗೂ ಅಲ್ಲಿ ಗೇಮ್‌ಗಳಿಗಿದ್ದ ಅತಿ ಮೇಲಿನ ದರ್ಜೆ ಎಂಎ15+, ಅಂದರೆ ಹದಿನೈದು ತುಂಬಿದವರದು. ಅದನ್ನು ಮೀರಿದ ಆಟಕ್ಕೆ ವರ್ಗೀಕರಣವೇ ಇಲ್ಲ, ಅಂದರೆ ಮಾರುವಂತಿಲ್ಲ. ಹಾಗಾಗಿ ಕಂಪನಿಗಳು ದೊಡ್ಡವರ ಆಟವನ್ನೇ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿ 15ರ ದರ್ಜೆಯೊಳಗೆ ತುರುಕಿದವು. 2008ರಲ್ಲಿ ‘ಫಾಲೌಟ್ 3’ ಆಟದ ಮಾರ್ಫಿನ್‌ಗೆ ‘ಮೆಡ್-ಎಕ್ಸ್’ ಎಂಬ ಸುಳ್ಳು ಹೆಸರು ಬಂತು. 2009ರಲ್ಲಿ ‘ಲೆಫ್ಟ್ 4 ಡೆಡ್ 2’ರ ರಕ್ತ ಕಡಿಮೆಯಾಯಿತು. ಹದಿನೈದರ ಮಕ್ಕಳ ಕೈಗೆ ಸಿಕ್ಕಿದ್ದು ಹೀಗೆ ತೇಪೆ ಹಚ್ಚಿದ ದೊಡ್ಡವರ ಆಟ. ನಿಯಮ ಬದಲಿಸಲು ಎಲ್ಲ ರಾಜ್ಯಗಳ ಕಾನೂನು ಮಂತ್ರಿಗಳಾದ ಅಟಾರ್ನಿ ಜನರಲ್‌ಗಳೂ ಒಪ್ಪಬೇಕಿತ್ತು. ದಕ್ಷಿಣ ಆಸ್ಟ್ರೇಲಿಯಾದ ಮೈಕಲ್ ಅಟ್ಕಿನ್ಸನ್ ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ 2013ರ ಜನವರಿ 1ರಿಂದ ವಯಸ್ಕರ ದರ್ಜೆ ಆರ್18+ ಜಾರಿಗೆ ಬಂತು. ಬಂದಮೇಲೆ ಎಲ್ಲವೂ ಪಾಸಾಯಿತೇ? ಇಲ್ಲ. ಅದೇ ವರ್ಷ ‘ಸೇಂಟ್ಸ್ ರೋ 4’ಕ್ಕೆ ಮೊದಲ ಸುತ್ತಿನಲ್ಲಿ ವರ್ಗೀಕರಣ ನಿರಾಕರಿಸಲಾಯಿತು.

ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಂತವು. ಹಿಂಸೆಯ ಕಾರಣಕ್ಕೆ ನಿಂತವು ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಐಟಿ ಕಾಯ್ದೆಯ 69ಎ ಅಡಿಯಲ್ಲಿ ದೇಶದ ಭದ್ರತೆಯ ಕಾರಣ ಕೊಟ್ಟು ನಿಲ್ಲಿಸಿದ್ದು. ಮಕ್ಕಳ ವಯಸ್ಸಿನ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಕಾನೂನು ಬರುವವರೆಗೆ ಕೈಯಲ್ಲಿರುವುದು ಫೋನಿನ ಬೀಗ. ಪ್ಲೇ ಸ್ಟೋರ್ ತೆರೆದು ಬಲ ಮೇಲ್ತುದಿಯ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ. ಆನ್ ಮಾಡಿದರೆ ನಾಲ್ಕಂಕಿಯ ಪಿನ್ ಕೇಳುತ್ತದೆ. ಆಮೇಲೆ ಆ್ಯಪ್ಸ್ ಆ್ಯಂಡ್ ಗೇಮ್ಸ್‌ನಲ್ಲಿ 3, 7, 12, 16, 18ರ ಪೈಕಿ ಮಗುವಿಗೆ ತಕ್ಕದ್ದನ್ನು ಆರಿಸಿ. ಈ ಅಂಕಿಗಳು ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಪದ್ಧತಿಯವು: ಆಟ ತಯಾರಿಸಿದವರು ತುಂಬುವ ಪ್ರಶ್ನಾವಳಿಯ ಮೇಲೆ ದರ್ಜೆ ತಾನಾಗಿ ಬರುತ್ತದೆ. ಮೊದಲೇ ಯಾರೋ ಕೂತು ಆಡಿ ನೋಡಿ ಕೊಟ್ಟದ್ದಲ್ಲ.

ಈ ಬೀಗ ಸೋರುವ ಜಾಗಗಳಿವೆ. ಈಗಾಗಲೇ ಇನ್‌ಸ್ಟಾಲ್ ಆದ ಆಟವನ್ನು ಅದು ತೆಗೆಯುವುದಿಲ್ಲ, ನೀವೇ ಅಳಿಸಬೇಕು. ವಾಟ್ಸ್‌ಆ್ಯಪ್‌ನಲ್ಲೋ ಕ್ರೋಮ್‌ನಲ್ಲೋ ಬಂದ, ಸ್ಟೋರಿನ ಹೊರಗಿಂದಲೇ ಆ್ಯಪ್ ಹಾಕಿಕೊಳ್ಳುವ ಎಪಿಕೆ ಫೈಲಿಗೆ ಪ್ಲೇ ಸ್ಟೋರಿನ ಪಿನ್ ಅಡ್ಡ ಬರುವುದಿಲ್ಲ. ಅದಕ್ಕೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ಕ್ರೋಮ್, ಫೈಲ್ಸ್, ವಾಟ್ಸ್‌ಆ್ಯಪ್ ಮೂರಕ್ಕೂ ಬೇರೆ ಬೇರೆಯಾಗಿ ಆಫ್ ಮಾಡಬೇಕು. ಇದಕ್ಕಿಂತ ಮಗುವಿನ ಫೋನನ್ನು ಪೋಷಕರ ಫೋನಿಗೆ ಜೋಡಿಸುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಗಟ್ಟಿ, ಯಾಕೆಂದರೆ ಇನ್‌ಸ್ಟಾಲ್ ಮಾಡುವ ಮನವಿ ಪೋಷಕರ ಫೋನಿಗೇ ಬರುತ್ತದೆ. ಆದರೆ ಮಗ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ, ಅಪ್ಪ ಮೂಡಿಗೆರೆ ಕಡೆಯ ತೋಟದಲ್ಲಿ ನೆಟ್‌ವರ್ಕ್ ಇಲ್ಲದೆ ಇದ್ದರೆ ಮನವಿ ಹಾಗೇ ಕಾಯುತ್ತದೆ. ಬೇಸತ್ತು ಪಾಸ್‌ವರ್ಡನ್ನು ಮಗನಿಗೇ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು.

ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5ರಲ್ಲಿ ಹೋಗಬೇಕಾದ್ದು ಸೆಟ್ಟಿಂಗ್ಸ್, ಫ್ಯಾಮಿಲಿ ಆ್ಯಂಡ್ ಪೇರೆಂಟಲ್ ಕಂಟ್ರೋಲ್ಸ್. ಕನ್ಸೋಲಿನ ನಿರ್ಬಂಧಗಳಿಗೆ ಮೊದಲಿಂದ ಇರುವ ಪಾಸ್‌ಕೋಡ್ 0000. ಅದನ್ನು ಬದಲಿಸದಿದ್ದರೆ ಉಳಿದದ್ದೆಲ್ಲ ದಂಡ. ಹೊಸ ಬಳಕೆದಾರರನ್ನು ಸೇರಿಸುವುದನ್ನೂ ಗೆಸ್ಟ್ ಲಾಗಿನ್ನನ್ನೂ ಅಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ಮಗು ತನ್ನ ಪ್ರೊಫೈಲ್ ಬಿಟ್ಟು ಇನ್ನೊಂದನ್ನು ಮಾಡಿಕೊಳ್ಳುತ್ತದೆ.

ಮನೆಯ ಈ ಬೀಗ ಯಾವುದೂ ಗೇಮಿಂಗ್ ಸೆಂಟರಿನಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿನ ಸ್ಟೀಮ್ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಖಾತೆ, ಕನ್ಸೋಲ್ ಪ್ರೊಫೈಲ್ ಎಲ್ಲ ಅಂಗಡಿಯವರದು. ಮನೆಯವರ ಜಾಗ್ರತೆ ಮುಗಿದು ಕಾನೂನು ಶುರುವಾಗಬೇಕಾದ ಜಾಗ ಅದೇ. ‘ಎ’ ದರ್ಜೆ ಬಂದರೆ ಸ್ಥಳೀಯ ಸಂಸ್ಥೆ ಕೊಡುವ ಟ್ರೇಡ್ ಲೈಸೆನ್ಸಿನಲ್ಲೇ ಷರತ್ತು ಹಾಕಬೇಕು: 18 ತುಂಬಿದವರಿಗೊಂದು, ಉಳಿದವರಿಗೊಂದು ಬೇರೆ ಪ್ರೊಫೈಲ್, ದೊಡ್ಡವರದಕ್ಕೆ ಪಾಸ್‌ಕೋಡ್, ಗುರುತಿನ ಚೀಟಿಯನ್ನು ನೋಡಿ ಹಿಂದಿರುಗಿಸುವುದು, ಜೆರಾಕ್ಸ್ ಇಟ್ಟುಕೊಳ್ಳಬಾರದು, ‘ಎ’ ಆಟದ ಪರದೆ ಬಾಗಿಲಿಗೆ ಮುಖ ಮಾಡಿರಬಾರದು. ಇಪ್ಪತ್ತೈದರ ಇಂಜಿನಿಯರಿಂಗ್ ಪದವೀಧರನಿಗೆ ತನ್ನ ಆಟ ಆಡುವ ಹಕ್ಕಿದೆ, ಅದನ್ನು ಕಿತ್ತುಕೊಳ್ಳುವ ಅಗತ್ಯವೇ ಇಲ್ಲ.

ದರ್ಜೆ ಬರೀ ರಕ್ತವನ್ನು ಅಳೆದರೂ ಸಾಲದು. ಒಳಗೇನಿದೆ ಎಂದು ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್ ಇರುವ ಆಟಗಳಿಗೆ ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ಕನಿಷ್ಠ ‘ಎಂ’ ದರ್ಜೆ (ಹದಿನೈದು ತುಂಬದವರಿಗೆ ಬೇಡ ಎಂಬ ಸಲಹೆ), ಜೂಜಿನ ಅನುಕರಣೆಯ ಆಟಗಳಿಗೆ ಆರ್18+ ಕೊಡುತ್ತಿದೆ. ನಮ್ಮ ನಿಯಮದ ಕರಡಿನಲ್ಲೂ ಈ ಎರಡು ಸಾಲು ಮೊದಲ ದಿನದಿಂದಲೇ ಇರಬೇಕು.