ಸಾರ್, ಅದು ವಿಮಾನಾನಾ?

ಸಂಜೆ ಕಣದಲ್ಲಿ ಕಾಫಿ ರಾಶಿ ಹಾಕಿ ಟಾರ್ಪಾಲು ಮುಚ್ಚುವ ಹೊತ್ತು. ಕೆಲವು ವರ್ಷ ಸರಿಯಾಗಿ ಆಗಲೇ ಪಶ್ಚಿಮದ ಗುಡ್ಡದ ಮೇಲೆ ಒಂದು ಚುಕ್ಕಿ ಝಗ್ಗನೆ ಹೊಳೆಯುತ್ತದೆ. ಹೋಂಸ್ಟೇಗೆ ಬಂದವರು ಕೇಳುತ್ತಾರೆ, ಕೆಲಸದವರ ಮಕ್ಕಳೂ ಕೇಳುತ್ತಾರೆ: ವಿಮಾನಾನಾ? ಅಲ್ಲ, ಶುಕ್ರ. ನಸುಕಿನಲ್ಲಿ ಕಂಡರೆ ನಮ್ಮಜ್ಜಿ ‘ಬೆಳ್ಳಿ ಮೂಡಿತು’ ಅನ್ನುತ್ತಿದ್ದದ್ದು ಇದಕ್ಕೇ. ತಕ್ಷಣ ಎರಡನೇ ಪ್ರಶ್ನೆ, ಅಲ್ಲಿ ಹೋಗಿ ಇರಬಹುದಾ?

ಅಳತೆ ನೋಡಿದರೆ ಆಸೆಯಾಗುತ್ತದೆ. ಅಡ್ಡಳತೆ ಸುಮಾರು 12,100 ಕಿ.ಮೀ., ಭೂಮಿಗಿಂತ ಸ್ವಲ್ಪವೇ ಚಿಕ್ಕದು. ಇಲ್ಲಿ 50 ಕೆ.ಜಿ. ತೂಗುವ ಕಾಫಿ ಮೂಟೆ ಅಲ್ಲಿ 45 ಕೆ.ಜಿ. ಮಾತ್ರ ತೂಗುತ್ತದೆ. ಆದರೆ ಹೊರುವುದಕ್ಕೆ ಆಳು ಬದುಕಿರಬೇಕಲ್ಲ! ಕಾಫಿ ಬೀಜ ಹುರಿಯುವುದೇ 200-230 ಡಿಗ್ರಿಯಲ್ಲಿ, ಅಲ್ಲಿನ ನೆಲ ಸುಮಾರು 465 ಡಿಗ್ರಿ ಸೆಲ್ಸಿಯಸ್. ಸಾಲದು ಅಂತ ಗಾಳಿಯ ಒತ್ತಡ ನಮ್ಮದರ 90 ಪಟ್ಟು, ಸಮುದ್ರದಲ್ಲಿ 900 ಮೀಟರ್ ಮುಳುಗಿದ ಹಾಗೆ.

‘ಸೂರ್ಯನಿಗೆ ಹತ್ತಿರ, ಅದಕ್ಕೇ ಬಿಸಿ’ ಅಂತ ಎಲ್ಲರೂ ತೀರ್ಮಾನ ಕೊಡುತ್ತಾರೆ. ಅಷ್ಟೇ ಆಗಿದ್ದರೆ ಇನ್ನೂ ಹತ್ತಿರದ ಬುಧ ಇದಕ್ಕಿಂತ ಜಾಸ್ತಿ ಕಾಯಬೇಕಿತ್ತು, ಕಾಯುವುದಿಲ್ಲ. ನಮಗೆ ಹೊಳೆಯುವುದು ಶುಕ್ರದ ನೆಲವೇ ಅಲ್ಲ, ಮೋಡ. ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲು ಮೇಲಿಂದಲೇ ವಾಪಸ್. ಹಾಗಾಗಿ ಅದು ಹೀರಿಕೊಳ್ಳುವ ಬಿಸಿಲು ಭೂಮಿಗಿಂತಲೂ ಕಡಿಮೆ. ಆದರೆ ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಜನವರಿಯಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಎರಡು ಕಂಬಳಿ ಬೇಕು, ಮೋಡ ಕವಿದ ರಾತ್ರಿ ಒಂದೇ ಸಾಕು, ಅಲ್ವಾ? ಶುಕ್ರಕ್ಕೆ ಮೋಡದ ಜೊತೆಗೆ ದಪ್ಪ ಗಾಳಿಯ ಕಂಬಳಿ ಬೇರೆ. ಅದರಲ್ಲಿ 96% ಬಿಸಿ ಹಿಡಿದಿಡುವ ಇಂಗಾಲದ ಡೈಆಕ್ಸೈಡ್.

ಮಳೆಯೂ ಇದೆ, ಗಂಧಕಾಮ್ಲದ್ದು! ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ದಿನಾ ಬೆಳಗ್ಗೆ ಎಷ್ಟು ಇಂಚು ಬಿತ್ತು ಅಂತ ಅಳೆದು ಬರೆದಿಡುವ ನಮ್ಮಂಥವರಿಗೆ ಅಲ್ಲಿ ಕೆಲಸವೇ ಇಲ್ಲ. ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ, ಮತ್ತೆ ಹುಟ್ಟಬೇಕಾದರೆ ನಮ್ಮ 117 ದಿನ ಕಳೆಯಬೇಕು. ಇದನ್ನು ಕೇಳಿದ ಕೆಲಸದಾಕೆ, ‘ಹಾಗಾದ್ರೆ ದಿನಗೂಲಿ ಯಾವಾಗ ಕೊಡ್ತಾರೆ?’ ಅಂದಳು.

1982ರಲ್ಲಿ ಸೋವಿಯತ್ ಒಕ್ಕೂಟದ ವೆನೆರಾ 13 ನೌಕೆ ಅಲ್ಲಿ ಇಳಿದು 127 ನಿಮಿಷ ಕೆಲಸ ಮಾಡಿತು, ಬಣ್ಣದ ಫೋಟೋ ಕಳಿಸಿತು. ಕಿತ್ತಳೆ ಬೆಳಕು, ಚಪ್ಪಟೆ ಕಲ್ಲು, ನಡುವೆ ಪುಡಿಮಣ್ಣು. ಮೊಬೈಲಿನಲ್ಲಿ ತೋರಿಸಿದೆ. ಅವಳ ಮಗ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, ‘ನಮ್ಮ ಹಳೇ ಕಣದ ಹಾಗೇ ಒಡೆದಿದೆ ಸಾರ್’ ಅಂದ.