ಹಡಗಿನ ದುಡ್ಡು ಮತ್ತು ನಮ್ಮ ಟೀಚರಕ್ಕ

"ಈ ಸಲ ದುಡ್ಡು ನೀವೇ ಇಟ್ಕೊಳ್ಳಲ್ಲ ತಾನೆ ಟೀಚರಕ್ಕ?"

"ಇಲ್ಲಮ್ಮ, ಇಟ್ಕೊಳ್ಳಲ್ಲ."

ಇಷ್ಟೇ ಮಾತು. ಸೋಮವಾರ ನಮ್ಮ ಬಡಾವಣೆಯಲ್ಲಿ ನಡೆದ ಗೃಹಪ್ರವೇಶದ ಊಟದಲ್ಲಿ, ಎರಡನೇ ಪಂಕ್ತಿಯಲ್ಲಿ. ಹೆಂಗಸರೆಲ್ಲ ಕಾಶಿಗೆ ಹೋಗೋಣ ಅಂತ ಮಾತಾಡಿಕೊಳ್ಳುತ್ತಿದ್ದರು. ಟೀಚರಕ್ಕ ತಿಳಿಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದರು. ಆ ಮಾತು ಬಂದಾಗ ಸೌಟು ಬಕೆಟ್ ಒಳಗಿತ್ತು. ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಮೇಲೆ ಬಂತು. ಮಾತಾಡಿದವರ ಎಲೆಗೇ ಮೊದಲು ಸಾರು ಬಿತ್ತು, ಒಂದು ಹನಿಯೂ ಆಚೆ ಚೆಲ್ಲದ ಹಾಗೆ. ಆರೇಳು ಜನ ನಕ್ಕರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ನನ್ನ ಎಲೆ ಮುಂದೆ ಬಂದು, "ನಿನಗೆ ಇನ್ನೊಂದು ಸೌಟು ಹಾಕ್ಲಾ?" ಅಂದರು. ಸುಮ್ಮನಿರು ಅನ್ನೋದಕ್ಕೆ ಅವರು ಹಾಗೆ ಕೇಳಿದ್ದು ಅಂತ ನನಗೆ ಗೊತ್ತು.

ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಸ್ಕೂಟರ್ ಓಡಿಸುವಾಗ ಅದೇ, ಅನ್ನಕ್ಕೆ ಇಡುವಾಗ ಅದೇ. "ಇಲ್ಲಮ್ಮ, ಇಟ್ಕೊಳ್ಳಲ್ಲ." ಆ ಹೆಂಗಸಿನ ಮಾತಿಗಿಂತ ಅಕ್ಕನ ಉತ್ತರವೇ ನನಗೆ ಜಾಸ್ತಿ ಚುಚ್ಚುತ್ತಿದೆ. ತಿರುಗಿಸಿ ಒಂದು ಮಾತು ಆಡಲಿಲ್ಲ. ಲೆಕ್ಕ ಒಪ್ಪಿಸಲಿಲ್ಲ. ತಾನು ಒಮ್ಮೆ ಇಟ್ಟುಕೊಂಡಿದ್ದೆ ಅಂತ ಒಪ್ಪಿಕೊಂಡ ಹಾಗೇ ಆಯಿತಲ್ವಾ ಆ ಉತ್ತರ!

ಅವರು ಇಟ್ಟುಕೊಂಡಿರಲಿಲ್ಲ. ಒಂದು ರೂಪಾಯಿ ಇಟ್ಟುಕೊಂಡಿರಲಿಲ್ಲ. ರದ್ದಾದ ಹಡಗಿನ ಪ್ರವಾಸಕ್ಕೆ ಅವರು ಸೇರಿಸಿದ ದುಡ್ಡಿನ ಲೆಕ್ಕದ ಪುಸ್ತಕ ನಾನು ನೋಡಿದ್ದೇನೆ. ಆ ದುಡ್ಡು ವಾಪಸ್ ಕೇಳಿ ಟೂರ್ ಕಂಪನಿಗೆ ಕಳಿಸಿದ ಇ-ಮೇಲ್‌ಗಳನ್ನೆಲ್ಲ ಟೈಪ್ ಮಾಡಿಕೊಟ್ಟವಳು ನಾನೇ. ಅದಕ್ಕೇ, ಯಾರ ಹೆಸರನ್ನೂ ಹೇಳದೆ ಇದನ್ನು ಬರೆಯುತ್ತಿದ್ದೇನೆ.

2019ರ ನವೆಂಬರ್‌ನಲ್ಲಿ ನಮ್ಮ ಭಜನಾ ಮಂಡಳಿಯ ಇಪ್ಪತ್ತು ಹೆಂಗಸರು ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ಮೂರು ರಾತ್ರಿ ಹಡಗಿನಲ್ಲಿ ಸುತ್ತುವುದು ಅಂತ ನಿಶ್ಚಯವಾಯಿತು. ಮೇ ರಜೆಯಲ್ಲಿ ಹೊರಡುವುದು. ಹಾಸನದ ನಮಗೆ ಸಮುದ್ರ ಅಂದರೆ ಏನು? ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋದಾಗ ಹಾಗೇ ಮಂಗಳೂರಿನ ತನಕ ಇಳಿದು, ಪಣಂಬೂರಿನಲ್ಲಿ ಸೀರೆ ಎತ್ತಿ ಹಿಡಿದು ಕಾಲು ತೋಯಿಸಿಕೊಂಡು ಬಂದದ್ದು. ಸಮುದ್ರದ ಮಧ್ಯೆ ಬೆಳಗಾಗುವುದನ್ನು ನೋಡಬೇಕು ಅಂತ ಆಸೆಪಟ್ಟವರಲ್ಲಿ ಎಪ್ಪತ್ತು ದಾಟಿದವರೂ ಇದ್ದರು. ತಲೆಗೆ 68,000 ರೂಪಾಯಿ. ಕೆಲವರು ಚೀಟಿ ಎತ್ತಿ ಕೊಟ್ಟರು. ಕೆಲವರು ಮಗ ಕಳಿಸಿದ್ದನ್ನು ಕೊಟ್ಟರು. ಒಬ್ಬರು ಹಾಲು ಹಾಕಿ ಕೂಡಿಟ್ಟದ್ದನ್ನು ನೂರು, ಇನ್ನೂರರ ನೋಟುಗಳಲ್ಲೇ ತಂದು ಎಣಿಸಿಕೊಟ್ಟರು.

ದುಡ್ಡು ಸೇರಿಸಿ ಕಟ್ಟುವ ಕೆಲಸ ಟೀಚರಕ್ಕನಿಗೆ ಬಂತು. ಹೈಸ್ಕೂಲಿನಲ್ಲಿ ಲೆಕ್ಕ ಪಾಠ ಮಾಡಿ ನಿವೃತ್ತರಾದವರು. ಇನ್ಯಾರಿಗೆ ಬರುತ್ತೆ? ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದ ಒಂದು ಉದ್ದನೆಯ ನೋಟ್‌ಬುಕ್ಕು. ಕೊಟ್ಟವರ ಹೆಸರು, ತಾರೀಕು, ಚೆಕ್ಕೋ ನಗದೋ, ಪಕ್ಕದಲ್ಲಿ ಕೊಟ್ಟವರ ಸಹಿ. ನಗದು ಕೊಟ್ಟವರ ಸಾಲಿಗೆ ಕೆಂಪು ಶಾಯಿ. ಇಷ್ಟು ಜನರನ್ನು ಸೇರಿಸಿದವರಿಗೆ ಒಂದು ಸೀಟು ಬಿಟ್ಟಿ ಕೊಡುವುದು ಈ ವ್ಯಾಪಾರದಲ್ಲಿ ಮಾಮೂಲು. ಅಕ್ಕ ಆ ಬಿಟ್ಟಿ ಸೀಟನ್ನು ತಾವು ತೆಗೆದುಕೊಳ್ಳದೆ ಎಲ್ಲರ ಲೆಕ್ಕಕ್ಕೂ ಹಂಚಿದರು. ತಲೆಗೆ ಮೂರೂವರೆ ಸಾವಿರ ಇಳಿದದ್ದು ಅದರಿಂದ. ಸೋಮವಾರ ನಕ್ಕವರಿಗೆಲ್ಲ ಆ ಮೂರೂವರೆ ಸಾವಿರ ಉಳಿದಿತ್ತು.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನಿಲ್ಲಿಸಿದ ಸುದ್ದಿ ಟಿವಿಯಲ್ಲಿ ಬಂತು. 3,711 ಜನ ಅದರಲ್ಲಿ, ಏಳುನೂರಕ್ಕೂ ಹೆಚ್ಚು ಜನಕ್ಕೆ ಸೋಂಕು. ನಮ್ಮವರಿಗೆಲ್ಲ ಎದೆ ಡವಡವ. ಬೇಡಪ್ಪ, ಕ್ಯಾನ್ಸಲ್ ಮಾಡಿಬಿಡೋಣ ಅಂದರು. ಆಗ ಏಜೆಂಟ್ ಹೇಳಿದ್ದು: ನೀವಾಗಿ ಬಿಟ್ಟರೆ ನಿಮ್ಮ ದುಡ್ಡು ಮುರಿಯುತ್ತಾರೆ, ಹೊರಡುವ ದಿನ ಹತ್ತಿರ ಬಂದಷ್ಟೂ ಜಾಸ್ತಿ ಮುರಿಯುತ್ತಾರೆ. ಕಂಪನಿಯೇ ರದ್ದು ಮಾಡುವ ತನಕ ಕಾಯಿರಿ, ಪೂರ್ತಿ ಬರುತ್ತೆ. ಮಾತು ಸರಿಯೇ. ಆದರೆ ಕಾಯಬೇಕೆಂದರೆ ಬಾಕಿ ಕಂತೂ ಕಟ್ಟಬೇಕು. ಕಟ್ಟದಿದ್ದರೆ ಮೊದಲು ಕೊಟ್ಟದ್ದೂ ಹೋಗುತ್ತೆ. ಎಲ್ಲರೂ ಅಕ್ಕನ ಮನೆ ಹಜಾರದಲ್ಲಿ ಕೂತು, ಎಲ್ಲರೂ ಒಪ್ಪಿ, ಕಟ್ಟಿದರು. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹಬ್ಬಿದ ಪಿಡುಗು ಅಂತ ಹೇಳಿತು. ಮಾರ್ಚ್ 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಬಂದರು. ಆಮೇಲಿನದ್ದು ಎಲ್ಲರಿಗೂ ಗೊತ್ತು.

ಏಪ್ರಿಲ್‌ನಲ್ಲಿ ಹಡಗಿನ ಕಂಪನಿಯೇ ಯಾನ ರದ್ದು ಮಾಡಿತು. ಸದ್ಯ, ಪೂರ್ತಿ ದುಡ್ಡು ಬರುತ್ತೆ ಅಂತ ಎಲ್ಲರೂ ನಿಟ್ಟುಸಿರುಬಿಟ್ಟರು. ಬಂದದ್ದು ದುಡ್ಡಲ್ಲ, ಕ್ರೆಡಿಟ್ ನೋಟ್. ಮುಂದೆ ಯಾವಾಗಲಾದರೂ ಬಂದು ಬಳಸಿಕೊಳ್ಳಿ ಅಂತ ಒಂದು ಕಾಗದ. ಹೊರದೇಶದ ಕೆಲವು ದೊಡ್ಡ ಹಡಗು ಕಂಪನಿಗಳು ಆಗ ಎರಡು ಆಯ್ಕೆ ಕೊಟ್ಟಿದ್ದವು. ದುಡ್ಡು ಬೇಕೆಂದರೆ ಕಟ್ಟಿದಷ್ಟೂ ವಾಪಸ್, ಕ್ರೆಡಿಟ್ ಸಾಕೆಂದರೆ ಕಟ್ಟಿದ್ದರ ಶೇಕಡ 125. ನಮ್ಮ ಹಡಗಿನವರೂ ಆಯ್ಕೆ ಕೊಟ್ಟಿದ್ದರಂತೆ. ಆದರೆ ಆಯ್ಕೆ ಮಾಡುವ ಹಕ್ಕು ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಬುಕಿಂಗ್ ಇದ್ದದ್ದು ಬೆಂಗಳೂರಿನ ಟೂರ್ ಕಂಪನಿಯ ಹೆಸರಿನಲ್ಲಿ. ಅವರು ನಮ್ಮನ್ನು ಒಂದು ಮಾತೂ ಕೇಳದೆ ಕ್ರೆಡಿಟ್ ಅಂತ ಹೇಳಿಬಿಟ್ಟಿದ್ದರು.

ಗುಂಪಿನ ಬುಕಿಂಗ್ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಆಗಲೇ. ಹಡಗಿನವರ ಲೆಕ್ಕದಲ್ಲಿ ಗಿರಾಕಿ ಬೆಂಗಳೂರಿನ ಕಂಪನಿ. ಆ ಕಂಪನಿಗೆ ಗಿರಾಕಿ ಹಾಸನದ ಏಜೆಂಟ್. ಏಜೆಂಟ್‌ಗೆ ಗಿರಾಕಿ ಟೀಚರಕ್ಕ. ಹಾಲು ಮಾರಿ ದುಡ್ಡು ಕೊಟ್ಟ ಆ ಅಮ್ಮ ಯಾರಿಗೂ ಗಿರಾಕಿಯಲ್ಲ! ಅವರೇ ಒಮ್ಮೆ ಬೆಂಗಳೂರಿಗೆ ಫೋನ್ ಮಾಡಿ ಕೇಳಿದಾಗ, "ನಿಮ್ಮ ಹೆಸರಲ್ಲಿ ಬುಕಿಂಗೇ ಇಲ್ಲಮ್ಮ, ಯಾರ ಕೈಗೆ ದುಡ್ಡು ಕೊಟ್ರೋ ಅವರನ್ನೇ ಕೇಳಿ" ಅಂದರಂತೆ. ಅವರು ಕೊಟ್ಟದ್ದು ಟೀಚರಕ್ಕನ ಕೈಗೆ. ಬಂದು ಟೀಚರಕ್ಕನನ್ನೇ ಕೇಳಿದರು. ತಪ್ಪಿಲ್ಲ. ಎಲ್ಲೋ ದೂರದ ಕಂಪನಿಯ ಸಾಲ ಒಂದೇ ಮಾತಿನಲ್ಲಿ ನಮ್ಮ ಬೀದಿಯ ಹೆಂಗಸಿನ ಸಾಲವಾಯಿತು.

ಹಾಸನದ ಏಜೆಂಟ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕಮಿಷನ್ ಎಷ್ಟೋ ಅಷ್ಟನ್ನು ಅವನಾಗಿಯೇ ವಾಪಸ್ ಕೊಟ್ಟ. ಅಂಗಡಿ ಮುಚ್ಚಿ ಊರಿಗೆ ಹೋಗಿ ಹೊಲ ನೋಡಿಕೊಂಡ. ಬೆಂಗಳೂರಿನವರ ಮೇಲೆ ಈಗಲೂ ಇದೆ. ಯಾವಾಗ ಕೇಳಿದರೂ "ಮೇಲಿಂದ ಬಂದಿಲ್ಲ". ಮೇಲೆ ಅಂದರೆ ಎಲ್ಲಿ, ಯಾರು, ಯಾವ ಪತ್ರ, ತೋರಿಸಿ ಅಂದರೆ ಉತ್ತರವಿಲ್ಲ.

ವಿಮಾನದ ಪಾಲು ಹೇಗೋ ಬಂತು. 2020ರ ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ವಿಮಾನ ಟಿಕೆಟ್‌ಗಳ ಬಗ್ಗೆ ತೀರ್ಪು ಕೊಟ್ಟಿತ್ತು. ಕೈಯಲ್ಲಿ ಹಣವಿಲ್ಲದ ವಿಮಾನ ಕಂಪನಿಗಳು ಆ ಮೊತ್ತವನ್ನು 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಆಗಿ ಇಡಬಹುದು, ಬಳಸದೆ ಉಳಿದರೆ ಆಮೇಲೆ ದುಡ್ಡನ್ನೇ ಕೊಡಬೇಕು ಅಂತ. ಅದರಂತೆ 2021ರ ಏಪ್ರಿಲ್‌ನಲ್ಲಿ ಬಂತು. ಆದರೆ ಹಡಗಿಗೆ ಆ ತೀರ್ಪು ಅನ್ವಯಿಸುವುದಿಲ್ಲ. ದೊಡ್ಡ ಪಾಲು ಇದ್ದದ್ದು ಅದರಲ್ಲೇ.

ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಊರ ಉಸಾಬರಿ ನಿಮಗ್ಯಾಕಮ್ಮ, ಎಲ್ಲರದ್ದೂ ಹೋಗಿದೆ, ನಿಮ್ಮದೂ ಹೋಗಿದೆ, ಬಿಡಿ" ಅಂದ. ಅವರು ಬಿಡಲಿಲ್ಲ. ವಕೀಲರ ಹತ್ತಿರ ಹೋದರು. ಒಳ್ಳೆಯ ಮನುಷ್ಯ, ಫೀಸಿನ ಮಾತೇ ಎತ್ತಲಿಲ್ಲ. 1872ರ ಕರಾರು ಕಾಯ್ದೆಯಲ್ಲೇ ಇದೆ ಅಂದರು. ಮಾಡಬೇಕಾದ ಕೆಲಸ ಮಾಡಲಿಕ್ಕೇ ಆಗದ ಪರಿಸ್ಥಿತಿ ಬಂದರೆ ಕರಾರು ರದ್ದಾಗುತ್ತದೆ, ಅದು 56ನೇ ಕಲಂ. ರದ್ದಾದ ಕರಾರಿನಿಂದ ಪಡೆದುಕೊಂಡದ್ದನ್ನು ವಾಪಸ್ ಕೊಡಬೇಕು, ಅದು 65. ಇನ್ನೊಂದು ಒಳ್ಳೆಯ ಸುದ್ದಿಯೂ ಅವರ ಹತ್ತಿರವಿತ್ತು. ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿತ್ತು. ಅದರಡಿ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಒಂದೇ ತೊಂದರೆ ಅನುಭವಿಸಿದ ಎಲ್ಲರ ಪರವಾಗಿ, ಜಿಲ್ಲಾ ಗ್ರಾಹಕ ಆಯೋಗದ ಅನುಮತಿ ಪಡೆದು, ಒಬ್ಬರೇ ದೂರು ಹಾಕಬಹುದು. ನಮ್ಮ ಇಪ್ಪತ್ತು ಜನರ ಮೊತ್ತಕ್ಕೆ ಶುಲ್ಕ ಬರೀ 400 ರೂಪಾಯಿ. ಹಾಕಿದರು. ಆ ಕೆಂಪು ಶಾಯಿಯ ನೋಟ್‌ಬುಕ್ಕಿನ ಜೆರಾಕ್ಸ್ ಪುಟಪುಟವೂ ದೂರಿನ ಜೊತೆ ಹೋಯಿತು.

ಆ ನಡುವೆ ಎರಡನೇ ಅಲೆ ಬಂತು. ಮಂಡಳಿಯಲ್ಲಿ ತಾಳ ಹಾಕುತ್ತಿದ್ದ ಅಜ್ಜಿ 2021ರ ಮೇನಲ್ಲಿ ಹೋಗಿಬಿಟ್ಟರು. ಅವರ ಪಾಲು ಮಗನಿಗೆ ಕೊಡಿ ಅಂತ ಬರೆದರೆ ಬೆಂಗಳೂರಿನವರು ವಂಶವೃಕ್ಷ ತನ್ನಿ ಅಂದರು. ಇದ್ದಾಗ ಅವರ ಹೆಸರಿನಲ್ಲಿ ಬುಕಿಂಗೇ ಇಲ್ಲ, ಹೋದ ಮೇಲೆ ವಂಶವೃಕ್ಷ ಬೇಕು! ಆ ಮಗ ನಾಡಕಚೇರಿಗೆ ಅಲೆದದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಯೋಗದ ನೋಟಿಸ್ ಹೋದ ಮೇಲೆ ಕಂಪನಿಯವರೇ ರಾಜಿಗೆ ಬಂದರು. 2021ರ ಕೊನೆಯಲ್ಲಿ ಎರಡು ಕಂತಿನಲ್ಲಿ ಹಡಗಿನ ದುಡ್ಡು ಬಂತು. ಬಂದ ದಿನವೇ ಅಕ್ಕ ಚೆಕ್ ಬರೆದು ಮನೆಮನೆಗೆ ಹೋಗಿ ಕೊಟ್ಟು ಸಹಿ ಹಾಕಿಸಿಕೊಂಡರು.

ಹಾಗಿದ್ದರೆ ಆ ಮಾತು ಹುಟ್ಟಿದ್ದೆಲ್ಲಿಂದ? ಇದನ್ನೇ ನಾನು ಹೇಳಬೇಕಾಗಿದ್ದು.

2020ರ ಜೂನ್‌ನಲ್ಲಿ, ಯಾವ ಕಂಪನಿಯಿಂದಲೂ ಒಂದು ರೂಪಾಯಿ ಬರುವ ಮೊದಲೇ, ಮಂಡಳಿಯ ಮೂವರಿಗೆ ಪೂರ್ತಿ ದುಡ್ಡು ಸಿಕ್ಕಿತ್ತು. ಒಬ್ಬರ ಗಂಡನಿಗೆ ಆಪರೇಷನ್. ಒಬ್ಬರ ಮಗ ಕೆಲಸ ಹೋಗಿ ಹೆಂಡತಿ ಮಕ್ಕಳ ಜೊತೆ ಊರಿಗೆ ಬಂದಿದ್ದ. ಇನ್ನೊಬ್ಬರ ಮಗಳ ಕಾಲೇಜಿನ ಫೀಸು ನಿಂತಿತ್ತು. ಅಕ್ಕ ತಮ್ಮ ನಿವೃತ್ತಿ ದುಡ್ಡಿನ ಎಫ್‌ಡಿ ಮುರಿಸಿ ಕೊಟ್ಟರು. ನನ್ನ ದುಡ್ಡು ಅಂತ ಹೇಳಿದರೆ ಆ ಮೂವರೂ ಮುಟ್ಟುತ್ತಿರಲಿಲ್ಲ. ಅದಕ್ಕೆ, "ನಿಮ್ಮ ಪಾಲು ಬಂತು, ತಗೊಳ್ಳಿ" ಅಂದರು. ಇಂಥ ಮಾತು ಮುಚ್ಚಿಟ್ಟುಕೊಳ್ಳುವುದು ನಮ್ಮ ಬೀದಿಯಲ್ಲಿ ಆಗುತ್ತಾ? ಮೂವರಿಗೆ ಬಂದಿದೆ ಅಂತ ಎಲ್ಲರಿಗೂ ಗೊತ್ತಾಯಿತು. ಅವರಿಗೆ ಬಂದದ್ದು ನಮಗ್ಯಾಕೆ ಬಂದಿಲ್ಲ? ಅಲ್ಲಿಗೆ, ದುಡ್ಡು ಬಂದಿದೆ, ಅಕ್ಕ ತಮಗೆ ಬೇಕಾದವರಿಗೆ ಕೊಟ್ಟು ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನುತ್ತಿದ್ದಾರೆ ಅಂತ ಆಯಿತು. ಬಡ್ಡಿ ಕಳೆದುಕೊಂಡದ್ದು ಅವರು!

ಸೋಮವಾರ ಮಾತಾಡಿದ ಹೆಂಗಸು ಕೆಟ್ಟವರಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕೋವಿಡ್‌ನಲ್ಲಿ ಮಲಗಿದಾಗ ಗೇಟಿನ ಹತ್ತಿರ ಅನ್ನ ಸಾರು ಇಟ್ಟು ಹೋಗುತ್ತಿದ್ದವರು. ಆದರೆ ಅವರಿಗೆ ಒಂದು ಅಭ್ಯಾಸವಿದೆ. ನೇರವಾಗಿ ಕೇಳಲಾಗದ್ದನ್ನು ನಗೆಯಲ್ಲಿ ಸುತ್ತಿ ಎಸೆಯುವುದು. ಅಕ್ಕನ ಮನೆಗೆ ಹೋಗಿ ಪುಸ್ತಕ ತೋರಿಸಿ ಅಂತ ಒಂದು ದಿನವಾದರೂ ಕೇಳಿದ್ದರೆ ತಾರೀಕಿನ ಸಮೇತ ತೋರಿಸುತ್ತಿದ್ದರು. ಕೇಳಲಿಲ್ಲ. ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು, ಊಟದ ಪಂಕ್ತಿಯಲ್ಲಿ, ಬಡಿಸುತ್ತಿರುವವರನ್ನು ಕೇಳಿದರು.

ನಮ್ಮಲ್ಲಿ ಇಂಥ ಕೆಲಸ ಮಾಡುವವರು ಎಲ್ಲ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಗಣಪತಿ ಹಬ್ಬದ ಚಂದಾ, ಪ್ರವಾಸದ ಬಸ್ಸು, ಸತ್ತವರ ಮನೆಗೆ ಮೊದಲ ದಿನದ ಅಡುಗೆ. ಅವರಿಗೆ ಸಂಬಳವಿಲ್ಲ, ರಸೀದಿ ಪುಸ್ತಕವಿಲ್ಲ. ನಂಬಿಕೆಯೊಂದೇ ಅವರ ಬಂಡವಾಳ. ಕಂಪನಿಯವರು ನಮಗೆ ದುಡ್ಡು ವಾಪಸ್ ಕೊಟ್ಟರು. ಒಂದೂವರೆ ವರ್ಷಕ್ಕೂ ಹೆಚ್ಚು ಅವರು ತಡಮಾಡಿದ್ದರಲ್ಲಿ ಅಕ್ಕನ ಹೆಸರಿಗೆ ಬಿದ್ದ ಕಲೆಗೆ ಯಾವ ಆಯೋಗದಲ್ಲಿ ದೂರು ಹಾಕೋದು?

ಬುಧವಾರ ಕಾಶಿಗೆ ಅಂತ ವಾಟ್ಸಾಪ್ ಗ್ರೂಪ್ ಶುರುವಾಯಿತು. ನಾನು ಅಕ್ಕನ ಮನೆಗೆ ಹೋಗಿ, ಬ್ಯಾಂಕಿಗೆ ದುಡ್ಡು ಬಂದ ತಾರೀಕುಗಳನ್ನು ಗ್ರೂಪಿಗೆ ಹಾಕುತ್ತೇನೆ ಅಂದೆ. ಬೇಡ ಅಂದರು. ನಾನು ಕೇಳಲಿಲ್ಲ. ಕೊನೆಗೆ, "ಯಾರಿಗೆ ಯಾವಾಗ ಕೊಟ್ಟೆ ಅನ್ನೋದನ್ನ ಮಾತ್ರ ಹಾಕಬೇಡ" ಅಂತ ಪಾಸ್‌ಬುಕ್ ಕೊಟ್ಟರು. ವಿಮಾನದ ದುಡ್ಡು 2021ರ ಏಪ್ರಿಲ್, ಹಡಗಿನ ದುಡ್ಡು 2021ರ ನವೆಂಬರ್ ಮತ್ತು ಡಿಸೆಂಬರ್, ಅದಕ್ಕೂ ಮೊದಲು ಬೆಂಗಳೂರಿನಿಂದ ಒಂದು ಪೈಸೆಯೂ ಬಂದಿಲ್ಲ ಅಂತ ಬರೆದು, ಪುಟದ ಫೋಟೋ ಹಾಕಿದೆ. ಕಾಶಿಗೆ ಹೋಗುವವರು ಟಿಕೆಟ್ಟನ್ನು ಅವರವರ ಹೆಸರಿನಲ್ಲಿ, ಅವರವರ ಖಾತೆಯಿಂದಲೇ ಮಾಡಿಸಿಕೊಳ್ಳಿ, ಗುಂಪಿನ ರಿಯಾಯಿತಿ ಹೋದರೆ ಹೋಗಲಿ ಅಂತಲೂ ಬರೆದೆ.

ನಾಲ್ಕೈದು ಜನ ಕೈಮುಗಿಯುವ ಚಿತ್ರ ಹಾಕಿದರು. ಸೋಮವಾರ ಮಾತಾಡಿದವರು ನೋಡಿದ್ದಾರೆ, ಏನೂ ಬರೆದಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಆ ಮೂವರಲ್ಲಿ ಒಬ್ಬರ ಫೋನ್ ಬಂತು. ಗಂಡನ ಆಪರೇಷನ್ ಆದವರು.

"ಮೊದಲ ದುಡ್ಡು ಬಂದಿದ್ದೇ 2021ರಲ್ಲಿ ಅಂತ ಹಾಕಿದೀಯಲ್ಲ, ನನಗೆ ಅದರ ಹಿಂದಿನ ವರ್ಷವೇ ಕೊಟ್ಟರಲ್ಲೇ. ಅದು ಯಾರ ದುಡ್ಡು?"

"ಅಕ್ಕನನ್ನೇ ಕೇಳಿ" ಅಂದೆ.

"ಎದ್ದಿರ್ತಾರಾ ಈಗ?" ಅಂತ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಆ ಕಡೆ ಗೇಟಿನ ಚಿಲಕ ತೆಗೆದ ಸದ್ದು ಕೇಳಿಸಿತು.